ಕತ್ತಿವರಸೆಗೊಂದು ವೀಕ್ಷಕ ವಿವರಣೆ

ಕಪ್ಪು ದಪ್ಪ ಅಂಗಿ, ಜಾಲರಿ ಮುಖವಾಡ, ವಿಕೆಟ್‌ಕೀಪರನದಕ್ಕಿಂತ ದಪ್ಪನೆಯ ಕೈಗವಸು ತೊಟ್ಟ ಇಬ್ಬರು ಯಾವುದೋ ಶಾಲೆಯ ಜಿಮ್ನೇಷಿಯಮ್ಮಿನಲ್ಲಿ ಒಬ್ಬರನ್ನೊಬ್ಬರು ಸುತ್ತುತ್ತಿದ್ದಾರೆ. ಇಬ್ಬರ ಕೈಯಲ್ಲೂ ಎದೆಮಟ್ಟ ಬರುವ, ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುವ ಮೊಂಡು ಕತ್ತಿ. ಒಬ್ಬ ನುಗ್ಗಿದ. ಟಣ್ ಟಣ್ ಎಂದು ಎರಡು ಸದ್ದು. ನುಗ್ಗಿದವನ ಮುಖವಾಡದ ಮೇಲೇ ಏಟು ಬಿತ್ತು. ಒಂದು ಸೆಕೆಂಡೂ ಆಗಿರಲಿಕ್ಕಿಲ್ಲ. ಅದೇ ದೃಶ್ಯ ಮತ್ತೆ ನಿಧಾನಗತಿಯಲ್ಲಿ ಬರುತ್ತದೆ. ಈ ಸಲ ಹಿನ್ನೆಲೆಯಲ್ಲಿ ಏಟು ಕೊಟ್ಟವಳ ದನಿ: "ಇಲ್ಲಿ ನೋಡಿ. ಅವನು ಮೇಲಿಂದ ಹೊಡೆದ, ನಾನೂ ಮೇಲಿಂದಲೇ ಹೊಡೆದೆ, ಕತ್ತಿಗಳು ಕೂಡಿಕೊಂಡವು. ಬಿಗಿಯಾಗಿ ಒತ್ತುತ್ತಿದ್ದಾನೆ ಅನ್ನಿಸಿತು. ಒತ್ತಲಿ ಅಂತ ಬಿಟ್ಟುಕೊಟ್ಟು ಆಚೆ ಬದಿಯಿಂದ ಅಡ್ಡ ಹೊಡೆತ ಹಾಕಿದೆ."

ಇಂಥ ವಿಡಿಯೊಗಳು ಈಗ ಬೇಕಾದಷ್ಟಿವೆ. ಆಡಿದವರೇ ತಮ್ಮ ಆಟಕ್ಕೆ ಹೇಳುವ ವೀಕ್ಷಕ ವಿವರಣೆ ಇದು. ಇದನ್ನು ನೋಡಿ ಕತ್ತಿವರಸೆ ಕಲಿಯಬಹುದು ಎನ್ನುವವರಿದ್ದಾರೆ, ಇದು ಕಲಿತಂತೆ ಅನ್ನಿಸುವ ಭ್ರಮೆ ಅಷ್ಟೇ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಹುರುಳಿದೆ.

ಈ ಆಟಕ್ಕೆ ಅದರ ಬಳಗದವರು ಇಟ್ಟುಕೊಂಡಿರುವ ಹೆಸರು ಹೀಮಾ, ಬಿಡಿಸಿ ಹೇಳಿದರೆ ಐತಿಹಾಸಿಕ ಐರೋಪ್ಯ ಸಮರಕಲೆ. ಒಲಿಂಪಿಕ್ಸಿನ ಫೆನ್ಸಿಂಗ್ ಬೇರೆ, ಇದು ಬೇರೆ. ಫೆನ್ಸಿಂಗಿನಲ್ಲಿ ಗುರುವಿನಿಂದ ಶಿಷ್ಯನಿಗೆ ಕೈ ದಾಟಿ ಬಂದ ಪಾಠವಿದೆ. ಹೀಮಾದವರಿಗೆ ಆ ಭಾಗ್ಯವಿಲ್ಲ. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿಯ ವಿದ್ಯೆ ಯುರೋಪಿನಲ್ಲಿ ಬಳಕೆ ತಪ್ಪಿ, ಹೇಳಿಕೊಡುವವರಿಲ್ಲದೆ ಸತ್ತುಹೋಯಿತು. ಉಳಿದದ್ದು ಪುಸ್ತಕ. ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ದಸರೆಯ ಹೊತ್ತಿಗೆ ನಡೆಯುತ್ತದೆ. ಅನುಮಾನ ಬಂದರೆ ಕೇಳಲು ಅಲ್ಲಿ ಹಿರಿಯರಿದ್ದಾರೆ. ಜರ್ಮನಿಯ ಉದ್ದ ಕತ್ತಿಯ ಬಗ್ಗೆ ಅನುಮಾನ ಬಂದರೆ ಕೇಳಬೇಕಾದವರು ತೀರಿಕೊಂಡು ನಾಲ್ಕು ಶತಮಾನವಾಗಿದೆ.

ಆ ಪುಸ್ತಕಗಳಾದರೂ ಸುಲಭವೇ? 14ನೇ ಶತಮಾನದ ಯೊಹಾನೆಸ್ ಲೀಖ್ಟೆನಾವರ್ ಜರ್ಮನ್ ಪರಂಪರೆಯ ಮೂಲಪುರುಷ. ತನ್ನ ವಿದ್ಯೆಯನ್ನು ಅವನು ಒಗಟಿನಂಥ ಪದ್ಯಗಳಲ್ಲಿ ಬಚ್ಚಿಟ್ಟ, ಹೊರಗಿನವರಿಗೆ ತಿಳಿಯಬಾರದೆಂದೇ. ಆಮೇಲೆ ಬಂದವರು ಅದಕ್ಕೆ ವ್ಯಾಖ್ಯಾನ ಬರೆದರು. ಸೂತ್ರ ಮೊದಲು, ಭಾಷ್ಯ ಆಮೇಲೆ ಎಂಬ ಏರ್ಪಾಡು ನಮಗೆ ಹೊಸದಲ್ಲ. ಭಾಷ್ಯಕಾರರು ಒಬ್ಬರಿಗೊಬ್ಬರು ಒಪ್ಪುವುದಿಲ್ಲ ಎಂಬುದಂತೂ ಹೊಸದೇ ಅಲ್ಲ. ನ್ಯೂರೆಂಬರ್ಗಿನ ವಸ್ತುಸಂಗ್ರಹಾಲಯದಲ್ಲಿರುವ, 3227ಎ ಎಂಬ ಸಂಖ್ಯೆಯಿಂದ ಕರೆಯಲಾಗುವ ಹಸ್ತಪ್ರತಿ ಈ ಭಾಷ್ಯಗಳಲ್ಲಿ ಬಹಳ ಹಳೆಯದೆಂದು ಹೆಸರಾದದ್ದು. ಅದನ್ನು ಬರೆದವನ ಹೆಸರು ಉಳಿದಿಲ್ಲ. ಕತ್ತಿಯ ವಿದ್ಯೆಯನ್ನು ಕೈಯಿಂದ ಮಾಡಿ ತೋರಿಸಿದಷ್ಟು ಸ್ಪಷ್ಟವಾಗಿ ಬಾಯಲ್ಲಿ ಹೇಳಲಿಕ್ಕಾಗಲೀ ಬರೆಯಲಿಕ್ಕಾಗಲೀ ಆಗದು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಒಪ್ಪಿಕೊಂಡೂ ಬರೆದಿದ್ದಾನೆ. ಲೇಖಕರ ಜಾತಿಯೇ ಹಾಗೆ.

ಹಾಗಾದರೆ ತೋರಿಸುತ್ತಲೂ ಹೇಳುತ್ತಲೂ ಇರುವ ವಿಡಿಯೊ ಅವನ ಕೊರಗನ್ನು ನೀಗಿಸಿತಲ್ಲ ಎಂದು ಮೊದಲ ಗುಂಪಿನವರು ಕೇಳುತ್ತಾರೆ. ಅವರ ವಾದಕ್ಕೆ ಇಟಲಿಯಲ್ಲಿ ಇನ್ನೂ ಗಟ್ಟಿಯಾದ ಆಧಾರವಿದೆ. ಫಿಯೋರೆ ದೇಯಿ ಲಿಬೆರಿ ಎಂಬ ಗುರು 1410ರ ಆಸುಪಾಸಿನಲ್ಲಿ ಸಿದ್ಧಪಡಿಸಿದ ಚಿತ್ರಗ್ರಂಥದ ಒಂದು ಪ್ರತಿ ಈಗ ಲಾಸ್ ಏಂಜಲೀಸಿನ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಅದರ ಪುಟಪುಟದಲ್ಲೂ ಜೋಡಿ ಜೋಡಿ ಕಾದಾಳುಗಳು. ತಲೆಯ ಮೇಲೆ ಕಿರೀಟವಿದ್ದವನು ಎದುರಾಳಿಯ ಪಟ್ಟಿಗೆ ಪರಿಹಾರ ಬಲ್ಲ ಗುರು. ಮೊಣಕಾಲ ಕೆಳಗೆ ಚಿನ್ನದ ಪಟ್ಟಿ ಕಟ್ಟಿಕೊಂಡವನು ಆ ಗುರುವಿನ ಶಿಷ್ಯ. ಕಿರೀಟವೂ ಪಟ್ಟಿಯೂ ಇದ್ದರೆ ಆ ಪರಿಹಾರವನ್ನೇ ಮುರಿಯಬಲ್ಲವನು. ಏನೂ ಇಲ್ಲದವನು ಏಟು ತಿನ್ನುವವನು, ಪಾಪ. ಸ್ವಾರಸ್ಯವಿರುವುದು ಚಿತ್ರದ ಜೊತೆಗಿನ ಬರಹದಲ್ಲಿ: ಅದರ ಬಹುಪಾಲು ಚಿತ್ರದೊಳಗಿನ ಮನುಷ್ಯನೇ ಆಡುವ ಮಾತು. ನಾನು ಹೀಗೆ ಹಿಡಿದಿದ್ದೇನೆ, ಇಲ್ಲಿಂದ ಹೀಗೆ ಹೊಡೆಯಬಲ್ಲೆ, ನನ್ನನ್ನು ತಡೆಯಬೇಕೆಂದರೆ ಇಂಥದ್ದು ಮಾಡಬೇಕು, ಅದನ್ನು ಮುಂದೆ ಬರುವವನು ತೋರಿಸುತ್ತಾನೆ, ಎಂಬ ಧಾಟಿ. ಆರುನೂರು ವರ್ಷದ ಹಿಂದಿನ ವೀಕ್ಷಕ ವಿವರಣೆಯಲ್ಲದೆ ಇದು ಮತ್ತೇನು?

ಅದರಲ್ಲೂ ಮಾತಿನ ಹಕ್ಕು ಗೆದ್ದವನಿಗೇ. ಕಿರೀಟವೂ ಪಟ್ಟಿಯೂ ಇಲ್ಲದವನ ಬಾಯಿಗೆ ಫಿಯೋರೆ ಮಾತು ಕೊಡುವುದು ತೀರ ಕಡಿಮೆ. ಈ ಸಂಗತಿಗೆ ಆಮೇಲೆ ಬರುತ್ತೇನೆ.

ಇದೇ ಫಿಯೋರೆ ಪಾಠವನ್ನು ಗುಟ್ಟಾಗಿ ಹೇಳುತ್ತಿದ್ದ. ಶಿಷ್ಯ, ಹೆಚ್ಚೆಂದರೆ ಶಿಷ್ಯನ ಹತ್ತಿರದ ಒಬ್ಬ ನೆಂಟ, ಅವನೂ ಗುಟ್ಟು ಬಿಡುವುದಿಲ್ಲ ಎಂದು ಆಣೆ ಇಟ್ಟಿರಬೇಕು. ತಮಗೆ ಹೇಳಿಕೊಡಲಿಲ್ಲವೆಂದು ಕೆರಳಿದ ಬೇರೆ ಗುರುಗಳ ಜೊತೆ ಹರಿತವಾದ ಕತ್ತಿಯಲ್ಲಿ ಐದು ಸಲ ಸೆಣಸಬೇಕಾಯಿತು ಎಂದು ತಾನೇ ಬರೆದುಕೊಂಡಿದ್ದಾನೆ. ಇವತ್ತು ಅವನ ಗ್ರಂಥದ ಪುಟಗಳೂ ಅದರ ಅನುವಾದಗಳೂ ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅವನ ಪಟ್ಟುಗಳು ನಿಜವಾದ ಸೆಣಸಾಟದಲ್ಲಿ ಹೇಗೆ ಕಾಣುತ್ತವೆ ಎಂಬುದು ಫೋನಿನಲ್ಲೇ ಸಿಗುತ್ತದೆ. ಹತ್ತಿರದಲ್ಲೆಲ್ಲೂ ಕ್ಲಬ್ ಇಲ್ಲದ ಊರಿನಲ್ಲಿ ಕೂತ ಒಬ್ಬ ಹುಡುಗನಿಗೋ ಹುಡುಗಿಗೋ ಇದು ಸಣ್ಣ ವಿಷಯವಲ್ಲ. ಈ ವಿಡಿಯೊಗಳನ್ನು ಹಳಿಯುವವರು ಹೆಚ್ಚಾಗಿ ಒಳ್ಳೆಯ ಕ್ಲಬ್ಬು ಪಕ್ಕದಲ್ಲೇ ಇರುವವರು ಎಂಬುದನ್ನು ಗಮನಿಸಬೇಕು.

ವಿವರಣೆಯ ಇನ್ನೊಂದು ಉಪಕಾರ ದೊಡ್ಡದು. ಪಾಠದ ಕತ್ತಿವರಸೆ ಬೇರೆ, ಸ್ಪಾರಿಂಗಿನ ಕತ್ತಿವರಸೆ ಬೇರೆ. ಪಾಠದಲ್ಲಿ ಲೀಖ್ಟೆನಾವರನ 'ಸಿಟ್ಟಿನ ಹೊಡೆತ' ಬಲಹೆಗಲಿಂದ ಓರೆಯಾಗಿ, ಗೆರೆ ಎಳೆದ ಹಾಗೆ ಇಳಿಯುತ್ತದೆ. ಪಟ್ಟು ಗೊತ್ತುಮಾಡಿಕೊಳ್ಳದೆ ಆಡುವ ಸ್ಪಾರಿಂಗಿನಲ್ಲಿ ಅದೇ ಹೊಡೆತ ಅರ್ಧಕ್ಕೆ ನಿಂತು, ಸೊಟ್ಟಗಾಗಿ, ಕಾಲು ತಪ್ಪಿ, ಗುರುತೇ ಸಿಗದಂತೆ ಬರುತ್ತದೆ. ಹೊಸಬನಿಗೆ ಕಾಣುವುದು ಇಬ್ಬರು ಕೋಲಿನಲ್ಲಿ ಹೊಡೆದಾಡುತ್ತಿದ್ದಾರೆ ಎಂದಷ್ಟೇ. "ಇದೇ ನೋಡಿ ಅದು" ಎಂದು ಬೆರಳು ತೋರಿಸುವವರು ಬೇಕು. ಸಂಗೀತ ಕಛೇರಿಯಲ್ಲಿ ಪಕ್ಕದಲ್ಲಿ ಕೂತು "ಈಗ ರಾಗ ತಿರುಗಿತು" ಎಂದು ಪಿಸುಗುಟ್ಟುವ ಹಿರಿಯರು ಇರುತ್ತಾರಲ್ಲ, ಹಾಗೆ. ಅಲ್ಲದೆ ಮಾತಿಲ್ಲದ ವಿಡಿಯೊ ಏನಾಯಿತೆಂದು ಮಾತ್ರ ತೋರಿಸುತ್ತದೆ. ಏನು ಮಾಡಲು ಹೋಗಿ ಹೀಗಾಯಿತು ಎಂದು ಹೇಳುವುದು ವಿವರಣೆ. ಹುಸಿ ಹೊಡೆತ ಹಾಕಿ ಎದುರಾಳಿಯ ಕತ್ತಿಯನ್ನು ಮೇಲಕ್ಕೆಳೆಯುವ ಎಣಿಕೆ ಇತ್ತು, ಅವನು ಅಲುಗಲಿಲ್ಲ, ನನ್ನ ಕೈಗೇ ಏಟು ಬಿತ್ತು: ಸೋತ ಎಣಿಕೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಳೆಯ ಗ್ರಂಥಗಳಲ್ಲೂ ಅದಕ್ಕೆ ಹೆಚ್ಚು ಜಾಗವಿಲ್ಲ.

ಇಷ್ಟು ಒಂದು ತಟ್ಟೆಗೆ ಹಾಕೋಣ.

ಇನ್ನೊಂದು ತಟ್ಟೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಜರ್ಮನ್ ಗುರುಗಳ ಒಂದೇ ಒಂದು ಮಾತು: ಫ್ಯೂಲೆನ್. ಮುಟ್ಟಿ ಅರಿಯುವುದು ಎಂದು ಅರ್ಥ. ಎರಡು ಕತ್ತಿ ಕೂಡಿಕೊಂಡ ಕ್ಷಣದಲ್ಲಿ ಎದುರಿನವನ ಒತ್ತು ಗಟ್ಟಿಯೋ ಮೆದುವೋ ಎಂದು ಅಲಗಿನ ಮೂಲಕ ಅಂಗೈಗೆ ತಿಳಿಯಬೇಕು, ತಿಳಿದೊಡನೆ ಕೈ ಅದಕ್ಕೆ ತಕ್ಕದ್ದನ್ನು ಮಾಡಬೇಕು. ಕತ್ತಿಯನ್ನು ಚಾಚಿ ಎದುರಾಳಿಯ ಕತ್ತಿಗೆ ತಾಗಿಸಿಕೊಂಡು, ಅವನೇನು ಮಾಡುತ್ತಾನೆಂದು ಕೈಯಲ್ಲೇ ಕೇಳಿಸಿಕೊಳ್ಳುವ ಒಂದು ನಿಲುವಿಗೆ ಅವರು 'ಮಾತಿನ ಕಿಟಕಿ' ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಮಾತಾಡುವುದು ಕಬ್ಬಿಣ. ವಿವರಣೆ ಕೊಡುವವಳು "ಬಿಗಿಯಾಗಿ ಒತ್ತುತ್ತಿದ್ದ" ಎಂದಾಗ ನಮಗೆ ಸಿಕ್ಕಿದ್ದು ಆ ಒತ್ತಿನ ಸುದ್ದಿ ಮಾತ್ರ. ಬಿಗಿ ಎಂದರೆ ಎಷ್ಟು ಬಿಗಿ? ಹಸುವಿನ ಕೆಚ್ಚಲು ಹಿಂಡುವುದನ್ನು ವಿಡಿಯೊದಲ್ಲಿ ಕಲಿತವರ ಚೊಂಬಿಗೆ ಎಷ್ಟು ಹಾಲು ಬಂದೀತು?

ಕಣ್ಣಿಗೆ ಕಾಣಬೇಕಾದದ್ದೂ ಪೂರ್ತಿ ಕಾಣುವುದಿಲ್ಲ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ. ಕತ್ತಿಯ ತುದಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂತೆಂದು ಇಟ್ಟುಕೊಂಡರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅರ್ಧ ಮೀಟರ್ ಸಾಗಿರುತ್ತದೆ. ಗೆಲುವು ಸೋಲು ತೀರ್ಮಾನವಾಗುವುದು ಅದಕ್ಕಿಂತ ಕಡಿಮೆ ಅಂತರದಲ್ಲಿ. ಕ್ಯಾಮೆರಾ ಪಕ್ಕದಲ್ಲಿದ್ದರೆ ಇಬ್ಬರ ನಡುವಿನ ದೂರ ಕಾಣುತ್ತದೆ, ಯಾರ ಕತ್ತಿ ಒಳಗೆ ಯಾರದು ಹೊರಗೆ ಎಂಬುದು ಕಾಣದು. ಬೆನ್ನ ಹಿಂದಿದ್ದರೆ ಅದು ಕಾಣುತ್ತದೆ, ದೂರ ಕಾಣದು. ಜರ್ಮನ್ ಪದ್ಧತಿಯ ಅಡ್ಡ ಹೊಡೆತದಲ್ಲಿ ಹೆಬ್ಬೆರಳು ಅಲಗಿನ ಚಪ್ಪಟೆ ಮೈಗೆ ಒತ್ತಿಕೊಂಡು ಕೆಳಗೆ ಬರಬೇಕು. ಹೊಡೆತದ ಜೀವವೇ ಆ ಹೆಬ್ಬೆರಳು. ದಪ್ಪ ಗವಸಿನೊಳಗೆ ಅದೆಲ್ಲಿದೆಯೋ ಯಾರಿಗೆ ಗೊತ್ತು.

ವಿವರಣೆ ಕೊಡುವವರ ಸಾಕ್ಷ್ಯವೂ ಗಟ್ಟಿಯಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ. ರಿಚರ್ಡ್ ನಿಸ್ಬೆಟ್ ಮತ್ತು ತಿಮತಿ ವಿಲ್ಸನ್ ಎಂಬ ಮನೋವಿಜ್ಞಾನಿಗಳು 1977ರಲ್ಲಿ ಬರೆದ ಹೆಸರಾಂತ ಪ್ರಬಂಧದ ತಿರುಳು ಇದು: ತಾನು ಹೀಗೇಕೆ ಮಾಡಿದೆ ಎಂದು ಮನುಷ್ಯ ಹೇಳುವ ಕಾರಣ ಅನೇಕ ಸಲ ಒಳಗೆ ನಿಜವಾಗಿ ನಡೆದದ್ದರ ವರದಿಯಲ್ಲ, ಆಮೇಲೆ ಹೊಂದಿಸಿಕೊಂಡ ಊಹೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರೊಳಗೆ ಮುಗಿದ ಸಂಗತಿಗೆ "ಆಗ ನಾನು ಯೋಚಿಸಿದೆ" ಎಂದು ಮೂರು ವಾಕ್ಯದ ಕಾರಣ ಕೊಟ್ಟರೆ ಸ್ವಲ್ಪ ಅನುಮಾನಿಸುವುದು ಒಳ್ಳೆಯದು. ಇದನ್ನು ಕೇಳುವಾಗಲೆಲ್ಲ ನನಗೆ ತಾಳಮದ್ದಳೆ ನೆನಪಾಗುತ್ತದೆ. ಪ್ರಸಂಗದಲ್ಲಿ ವಾಲಿ ಬಾಣ ತಿಂದು ಬಿದ್ದಿದ್ದಾನೆ, ಆದರೆ ಒಳ್ಳೆಯ ಅರ್ಥಧಾರಿಯ ಬಾಯಿಗೆ ಸಿಕ್ಕ ವಾಲಿ ರಾಮನ ಬೆವರಿಳಿಸಿಬಿಡುತ್ತಾನೆ. ಮಾತಿನ ಗೆಲುವೇ ಬೇರೆ, ಕೈಯ ಗೆಲುವೇ ಬೇರೆ. ತಲೆಯ ಮೇಲೆ ಏಟು ತಿಂದವನೂ ಮಾತು ಬಲ್ಲವನಾದರೆ ಅದನ್ನೊಂದು ತಂತ್ರದಂತೆ ಕಾಣಿಸಬಲ್ಲ. ಅದೇ ಹೊತ್ತಿಗೆ ಇಬ್ಬರಿಗೂ ಏಟು ಬಿದ್ದ ಆಟಗಳಿರುತ್ತವೆ. ಹರಿತವಾದ ಕತ್ತಿಯಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಕತ್ತರಿಸಿ ಜೋಡಿಸುವಾಗ ಅಂಥವು ಸುಲಭವಾಗಿ ಮಾಯವಾಗುತ್ತವೆ. ಫಿಯೋರೆಯ ಕಿರೀಟದ ನೆನಪಾಗುವುದು ಇಲ್ಲೇ.

ನೋಡುವವರ ಕಡೆಯಿಂದಲೂ ಒಂದು ತೊಡಕು. ಮೈಕೆಲ್ ಕಾರ್ಡಸ್ ಮತ್ತು ಎಡ್ ಓಬ್ರಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಡಾರ್ಟ್ ಎಸೆತದಂಥ ಕೌಶಲಗಳ ವಿಡಿಯೊ ತೋರಿಸಿದರು, ಕೆಲವರಿಗೆ ಒಂದೇ ಸಲ, ಕೆಲವರಿಗೆ 20 ಸಲ. ಇಪ್ಪತ್ತು ಸಲ ನೋಡಿದವರಿಗೆ ತಮ್ಮಿಂದ ಆದೀತೆಂಬ ಧೈರ್ಯ ಹೆಚ್ಚಿತು. ಎಸೆದು ನೋಡಿದರೆ ಗುರಿಯಲ್ಲಿ ಏನೂ ಸುಧಾರಣೆ ಇರಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಗಾಳಿಗೆಸೆದು ಹಿಡಿಯುವ ಆಟದ ವಿಡಿಯೊ ನೋಡಿದವರ ಕೈಗೆ ಆ ಸಾಮಾನನ್ನೇ ಕೊಟ್ಟು ಸುಮ್ಮನೆ ಹಿಡಿದುಕೊಳ್ಳಲು ಹೇಳಿದಾಗ ಉಬ್ಬಿದ ಧೈರ್ಯ ಇಳಿಯಿತು. ತೂಕ ಕೈಗೆ ತಾಗಿದರೆ ಸಾಕು, ಬುದ್ಧಿ ಬರುತ್ತದೆ.

ಆದರೆ ನ್ಯಾಯ ಹೇಳಬೇಕಾದರೆ, ಈ ದೂರುಗಳು ವಿಡಿಯೊಗೆ ಮಾತ್ರ ತಾಗುವಂಥವಲ್ಲ. ಮುಟ್ಟಿ ಅರಿಯುವುದು ವಿಡಿಯೊದಲ್ಲಿ ಇಲ್ಲ, ಸರಿ, ಫಿಯೋರೆಯ ಪುಟದಲ್ಲಿದೆಯೇ? ಸ್ಟ್ರಾಸ್‌ಬರ್ಗಿನ ಯೋಆಖಿಮ್ ಮೇಯರ್ 1570ರಲ್ಲಿ ಅಚ್ಚು ಹಾಕಿಸಿದ ಗ್ರಂಥದ ಮರದಚ್ಚಿನ ಚಿತ್ರಗಳು ನೋಡಲು ಎಷ್ಟು ಚೆಂದವೋ ಅಷ್ಟೇ ನಿಶ್ಚಲ. ಒಂದು ನಿಲುವಿಗೂ ಇನ್ನೊಂದಕ್ಕೂ ನಡುವೆ ಏನು ನಡೆಯಿತೆಂಬುದನ್ನು ಓದುಗನೇ ತುಂಬಿಕೊಳ್ಳಬೇಕು. ಆಮೇಲಿನ ಕಾರಣ ಹೊಂದಿಸುವ ಚಾಳಿ ಕ್ಲಬ್ಬಿನ ಗುರುವಿಗೂ ಇದೆ. ಅವನ ತಪ್ಪನ್ನು ಎದುರಿಗೆ ಆಡಿ ತೋರಿಸಲು ಎಷ್ಟು ಶಿಷ್ಯರಿಗೆ ಧೈರ್ಯವಿದೆ? ವಿಡಿಯೊದಲ್ಲಾದರೆ ವಿವರಣೆ ಒಂದು ಹೇಳುತ್ತಿದೆ, ಚಿತ್ರ ಇನ್ನೊಂದು ತೋರಿಸುತ್ತಿದೆ ಎಂದು ಯಾರು ಬೇಕಾದರೂ ನಿಲ್ಲಿಸಿ, ಹಿಂದಕ್ಕೆ ಸರಿಸಿ ಹಿಡಿಯಬಹುದು. ಈ ಅನುಕೂಲ ಲೀಖ್ಟೆನಾವರನ ಯಾವ ಭಾಷ್ಯಕಾರನ ಓದುಗರಿಗೂ ಇರಲಿಲ್ಲ.

ಮುಖವಾಡವಿಲ್ಲದೆ ಮನೆಯ ತಾರಸಿಯಲ್ಲಿ ಇದನ್ನೆಲ್ಲ ಮಾಡಿನೋಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆರಳು ಮುರಿಯಲು ಮರದ ಕತ್ತಿಯೂ ಸಾಕು.

ನನಗೆ ಅದಕ್ಕಿಂತ ಹೆಚ್ಚು ಯೋಚನೆಯಾಗುವುದು ಬೇರೊಂದಕ್ಕೆ. ಹೇಳಿಕೊಡುವವರು ಸತ್ತುಹೋದ ವಿದ್ಯೆಯಲ್ಲಿ ಚೆನ್ನಾಗಿ ಮಾತಾಡುವವನು ಬೇಗ ಗುರುವಾಗುತ್ತಾನೆ. ಮೂಲಗ್ರಂಥದ ಒಂದು ಪದಕ್ಕೆ ನಾಲ್ಕು ಅರ್ಥ ಸಾಧ್ಯವಿದ್ದರೂ ಲಕ್ಷಾಂತರ ಮಂದಿ ನೋಡಿದ ವಿಡಿಯೊದ ಅರ್ಥವೇ ಅರ್ಥವಾಗಿಬಿಡುತ್ತದೆ. ಟೂರ್ನಿಯ ನಿಯಮಕ್ಕೆ, ಬಾಗುವ ಅಲಗಿಗೆ, ಮೆತ್ತನೆಯ ಅಂಗಿಗೆ ಹೊಂದಿಕೊಂಡ ಆಟವನ್ನೇ 15ನೇ ಶತಮಾನದ ಆಟವೆಂದು ಕಣ್ಣು ಒಪ್ಪಿಕೊಳ್ಳುತ್ತದೆ. ಪುಸ್ತಕ ಓದಿ ತಲೆ ಕೆರೆದುಕೊಳ್ಳುವ ಕಷ್ಟ ತಪ್ಪಿತು ಎಂದು ಕಲಿಯುವವನಿಗೆ ಸಮಾಧಾನವಾಗಬಹುದು. ಆ ತಲೆ ಕೆರೆತದಿಂದಲೇ ಈ ಸತ್ತ ವಿದ್ಯೆಗೆ ಮತ್ತೆ ಉಸಿರು ಬಂದದ್ದು.

ತಕ್ಕಡಿ ಎತ್ತ ವಾಲಿತು ಎಂದರೆ, ನನ್ನ ಮಟ್ಟಿಗೆ ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಕತ್ತಿ ಮುಟ್ಟದವನಿಗೆ ಈ ವಿಡಿಯೊ ಒಳ್ಳೆಯ ಮನರಂಜನೆ, ಹೊಸ ಹಂಬಲ. ವಾರಕ್ಕೊಂದು ಸಲವಾದರೂ ಜೊತೆಗಾರನ ಎದುರು ಕತ್ತಿ ಹಿಡಿಯುವವನಿಗೆ ಇದು ನಿಜವಾದ ಪಾಠ, ಏಕೆಂದರೆ "ಬಿಗಿ" ಎಂದೊಡನೆ ಅವನ ಅಂಗೈಗೆ ನೆನಪಾಗಲು ಏನೋ ಇದೆ. ಎಲ್ಲರಿಗಿಂತ ಹೆಚ್ಚು ಕಲಿಯುವುದು ಬಹುಶಃ ವಿವರಣೆ ಕೊಡುವವರೇ. ತಮ್ಮ ಆಟವನ್ನು ಪದಪದವಾಗಿ ಒಪ್ಪಿಸಬೇಕಾದಾಗ ಎಲ್ಲಿ ಕಣ್ಣು ಮುಚ್ಚಿಕೊಂಡು ಹೊಡೆದೆವು ಎಂದು ಅವರಿಗೇ ಗೊತ್ತಾಗುತ್ತದೆ. ಒಳ್ಳೆಯವರು ಸೋತ ಆಟವನ್ನೂ ಹಾಕುತ್ತಾರೆ, "ಇಲ್ಲಿ ಏನಾಯಿತೋ ನನಗೂ ತಿಳಿಯದು" ಎನ್ನುತ್ತಾರೆ. ಅಂಥವರ ವಿಡಿಯೊವನ್ನು ಮೊದಲು ದನಿ ಆರಿಸಿ ನೋಡಿ ನಾವೇ ಕಾರಣ ಊಹಿಸಿ, ಆಮೇಲೆ ಅವರ ಮಾತು ಕೇಳಿದರೆ ಇನ್ನೂ ಲಾಭ.

ಏಟು ತಿಂದವನ ವಿವರಣೆ ಮಾತ್ರ ಇನ್ನೂ ಅಪರೂಪ. ಮೊದಲು ಹೇಳಿದ ಆ ಒಂದು ಸೆಕೆಂಡಿಗೇ ಮರಳಿದರೆ, ಅವಳ ಲೆಕ್ಕದಲ್ಲಿ ಅವನು ಬಿಗಿಯಾಗಿ ಒತ್ತುತ್ತಿದ್ದ. ಅವನನ್ನು ಕೇಳಿದರೆ "ನಾನೆಲ್ಲಿ ಒತ್ತಿದೆ? ಆಗಲೇ ಕತ್ತಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ" ಎಂದಾನು. ಫೋನನ್ನು ಬೆಂಚಿನ ಮೇಲಿಟ್ಟು, ಬೆವರು ಒರೆಸಿಕೊಳ್ಳುತ್ತ, ಅದೇ ಏಳೆಂಟು ಚಿತ್ರಗಳನ್ನು ಹಿಂದೆ ಮುಂದೆ ಉಜ್ಜಿ ನೋಡುತ್ತಾರೆ. ಚಿತ್ರ ಯಾರ ಪರವೂ ಹೇಳುವುದಿಲ್ಲ. "ಬಾ, ಕತ್ತಿ ಕೂಡಿಸು, ಎಷ್ಟು ಒತ್ತಿದ್ದೆ ಅಂತ ತೋರಿಸು" ಎನ್ನುತ್ತ ಅವಳು ಮುಖವಾಡ ಎಳೆದುಕೊಳ್ಳುತ್ತಾಳೆ.