ಗಾಲಿಗೊಂದು ತೊಟ್ಟು ಎಣ್ಣೆ

ನಮ್ಮ ಕಡೆಯ ಕೆಲವು ಮನೆಗಳ ಗಾಜಿನ ಕಪಾಟಿನಲ್ಲಿ, ಮುಂಬಯಿಯಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಹಿರಿಯರು ತಂದ ಹಳೆಯ ಆಟಿಕೆ ರೈಲೊಂದು ಕುಳಿತಿರುತ್ತದೆ. ಮಕ್ಕಳು ಕೈ ಚಾಚಿದರೆ, ‘ಮುಟ್ಟಬೇಡ, ಹಳೆಯದು’ ಎಂಬ ಗದರಿಕೆ. ಈ ಗದರಿಕೆಯ ಬಗೆಗೇ ನನ್ನ ತಕರಾರು.

ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಇಂದಿಗೂ ರೈಲುಹಳಿಯಿಲ್ಲ. ಬಂಟ್ವಾಳಕ್ಕೆ ಹಳಿಯಿದ್ದರೂ, 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗದಲ್ಲಿ ಘಟ್ಟ ಹತ್ತುವ ಪ್ರಯಾಣಿಕರ ರೈಲು 1996ರಿಂದ 2007ರ ಡಿಸೆಂಬರಿನವರೆಗೆ ನಿಂತೇ ಹೋಗಿತ್ತು. ಹೀಗಾಗಿ ನಾನು ಪಾಠ ಹೇಳಿದ ಎಷ್ಟೋ ಮಕ್ಕಳಿಗೆ ರೈಲೆಂದರೆ ಪಠ್ಯಪುಸ್ತಕದ ಚಿತ್ರವಷ್ಟೇ. ಘರ್ಷಣೆ, ವಿದ್ಯುತ್ ಮಂಡಲ, ಸನ್ನೆ, ಗಾಲಿ ಎಲ್ಲವನ್ನೂ ಒಮ್ಮೆಗೇ ಕಲಿಸಬಲ್ಲ ವಸ್ತುವನ್ನು ಗಾಜಿನ ಹಿಂದೆ ಬಂಧಿಸಿಡುವುದು ಸರಿಯೆ?

ಮುಟ್ಟಿದರೆ ಹಾಳಾಗುತ್ತದೆಂಬ ಭಯ ನಿರಾಧಾರವೇನಲ್ಲ. ಆದರೆ ಮುಟ್ಟದಿದ್ದರೂ ಹಾಳಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಉಕ್ಕಿನ ಅಚ್ಚು ತುಕ್ಕು ಹಿಡಿಯುತ್ತದೆ. ಹಿಂದೆಂದೋ ಹಾಕಿದ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ. ವಿದ್ಯುತ್ತಿನಿಂದ ಓಡುವ ರೈಲಿನಲ್ಲಿ ಹಳಿಯ ವಿದ್ಯುತ್ತು ಗಾಲಿಯ ಮೂಲಕವೇ ಮೋಟಾರಿಗೆ ತಲುಪಬೇಕು. ಧೂಳು, ಹಳೆಯ ಎಣ್ಣೆ, ಲೋಹದ ಆಕ್ಸೈಡು ಸೇರಿ ಗಾಲಿಯ ಅಂಚಿಗೆ ಕರಿಯ ಪೊರೆ ಕಟ್ಟಿತೆಂದರೆ ರೈಲು ಮುಗ್ಗರಿಸುತ್ತದೆ.

ಮದ್ದು ಸುಲಭ. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಗಾಲಿಯ ಅಂಚನ್ನಷ್ಟೇ ಒರೆಸಬೇಕು. ಬಣ್ಣಕ್ಕೆ ತಾಗಿದರೆ ಬಣ್ಣ ಏಳಬಹುದು. ಮರಳುಕಾಗದ ಬೇಡ, ಅದು ಮಾಡುವ ಗೀರುಗಳಲ್ಲಿ ಕೊಳೆ ಮತ್ತೂ ಬೇಗ ಕೂರುತ್ತದೆ. ಅಚ್ಚಿನ ತುದಿಯಲ್ಲಿರುವ ಹಳೆಯ ಅಂಟನ್ನು ತೆಗೆದ ಮೇಲೆ, ಸೂಜಿಮೊನೆಯಿಂದ ಒಂದೇ ತೊಟ್ಟು ತೆಳು ಎಣ್ಣೆ. ಹೆಚ್ಚಾದರೆ ಅದು ಹಳಿಗಿಳಿದು ಧೂಳನ್ನು ಕರೆಯುತ್ತದೆ, ಗಾಲಿಯ ಹಿಡಿತವನ್ನೂ ತಪ್ಪಿಸುತ್ತದೆ.

ನಮ್ಮವರಿಗೆ ಎಲ್ಲದಕ್ಕೂ ತೆಂಗಿನೆಣ್ಣೆಯೇ. ಇಲ್ಲಿ ಅದು ಸಲ್ಲದು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಕಾಲ ಕಳೆದಂತೆ ಜಿಗುಟಾಗುತ್ತದೆ. ಲೋಹದ ಗಾಲಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಪ್ಲಾಸ್ಟಿಕ್ ಭಾಗಗಳಿದ್ದರೆ ಪ್ಲಾಸ್ಟಿಕ್ಕಿಗೆ ಹಾನಿಮಾಡದ ಎಣ್ಣೆಯನ್ನೇ ಕೇಳಿ ತರಬೇಕು.

ಒಂದು ರೋಗಕ್ಕೆ ಮಾತ್ರ ಎಣ್ಣೆಯಲ್ಲಿ ಔಷಧಿಯಿಲ್ಲ. ಇಂಗ್ಲೆಂಡಿನ ಹಾರ್ನ್‌ಬಿ ರೈಲುಗಳು 1920ರಲ್ಲಿ ಆರಂಭವಾದವು, ಹಾರ್ನ್‌ಬಿ ಡಬ್ಲೊ 1938ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಇಂಥ ಆಟಿಕೆಗಳ ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆಯಾಗಿದ್ದರೆ, ಗಾಲಿ ಉಬ್ಬಿ ಬಿರುಕು ಬಿಡುತ್ತದೆ. ಅಂಥದ್ದನ್ನು ಓಡಿಸಕೂಡದು. ಬದಲಿ ಗಾಲಿ ಹಾಕಿ, ಮೂಲದ್ದನ್ನು ಪೊಟ್ಟಣದಲ್ಲಿ ಕಾಪಿಡುವುದು ವಿವೇಕ.

ಸಂಗ್ರಾಹಕರು ‘ಮೌಲ್ಯ ಇಳಿಯುತ್ತದೆ’ ಎನ್ನಬಹುದು. ಮೂಲ ಬಣ್ಣವನ್ನು ತಿಕ್ಕಬಾರದೆಂಬುದು ನನಗೂ ಒಪ್ಪಿಗೆ. ಆದರೆ ಗಾಲಿಯ ಕೊಳೆ ಪರಂಪರೆಯಲ್ಲ. ನಮ್ಮ ಗಾಡಿಯವರು ಎತ್ತಿಗೆ ಹುಲ್ಲು ಹಾಕುವಷ್ಟೇ ಶ್ರದ್ಧೆಯಿಂದ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಗಾಡಿ ಹಳೆಯದೆಂದು ಯಾರೂ ಎಣ್ಣೆ ನಿಲ್ಲಿಸಲಿಲ್ಲ. ಹಳೆಯದಾದಷ್ಟೂ ಅದಕ್ಕೆ ಎಣ್ಣೆ ಹೆಚ್ಚು ಬೇಕಾಗುತ್ತಿತ್ತು.

ಆಯುಧಪೂಜೆಯ ದಿನ ವಾಹನಗಳನ್ನೆಲ್ಲ ತೊಳೆದು ಕುಂಕುಮ ಹಚ್ಚುತ್ತೇವಲ್ಲ, ಆ ದಿನ ಈ ಪುಟ್ಟ ರೈಲನ್ನೂ ಕಪಾಟಿನಿಂದ ಇಳಿಸೋಣ. ಹತ್ತಿಕಡ್ಡಿಯನ್ನು ಮೊಮ್ಮಗಳ ಕೈಗೆ ಕೊಟ್ಟು, ನಾವು ಪಕ್ಕದಲ್ಲಿ ಕುಳಿತು ನೋಡೋಣ.