ಮೂರು ಗಿಡಗಳ ಕಾಯಿದೆ ಮತ್ತು ಮೋಡ ಕವಿದ ಆಕಾಶ

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಂದು ಗಾಂಜಾ ಕಾಯಿದೆ ಜಾರಿಗೆ ಬಂದಾಗ ನಮ್ಮಲ್ಲಿ ಅನೇಕರು ಅದನ್ನು ದೂರದೇಶದ ಕುತೂಹಲದ ಸುದ್ದಿಯೆಂದು ಓದಿ ಮರೆತಿರಬಹುದು. ಮರೆಯುವಂತಹ ವಿಷಯ ಅದಲ್ಲ. 2023-24ರ ವೇಳೆಗೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 49 ಸಾವಿರವನ್ನು ದಾಟಿತ್ತು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿದೊಡ್ಡ ಸಮೂಹ ನಮ್ಮವರದೇ. ಮುಂಬಯಿ, ಪುಣೆಗಳ ಹೊರನಾಡ ಕನ್ನಡಿಗರ ಮನೆಗಳಿಂದಲೂ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ.

ಕಾಯಿದೆ ಹೇಳುವುದಿಷ್ಟು. ಹದಿನೆಂಟು ತುಂಬಿದ ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿ 25 ಗ್ರಾಂ, ಮನೆಯಲ್ಲಿ 50 ಗ್ರಾಂ ವರೆಗೆ ಒಣಗಿದ ಗಾಂಜಾ ಇರಿಸಿಕೊಳ್ಳಬಹುದು. ಆರು ತಿಂಗಳಿಂದ ಅಲ್ಲಿ ನೆಲೆಸಿರುವವರು ತಮ್ಮ ವಾಸದ ಸ್ಥಳದಲ್ಲಿ ಮೂರು ಗಿಡ ಬೆಳೆಸಬಹುದು. ಅದೇ ವರ್ಷದ ಜುಲೈ 1ರಿಂದ, ಲಾಭದ ಉದ್ದೇಶವಿಲ್ಲದ, ಗರಿಷ್ಠ 500 ಸದಸ್ಯರ ಕೃಷಿ ಸಂಘಗಳಿಗೂ ದಾರಿ ತೆರೆಯಿತು. ಅಂಗಡಿಯಲ್ಲಿ ಮಾರಾಟಕ್ಕೆ ಮಾತ್ರ ಅವಕಾಶವಿಲ್ಲ. ಬೇಕಾದವರು ತಾವೇ ಬೆಳೆದುಕೊಳ್ಳಲಿ, ತನ್ಮೂಲಕ ಕಾಳಸಂತೆಯ ಬೆನ್ನು ಮುರಿಯಲಿ ಎಂಬುದು ಶಾಸನಕರ್ತರ ಎಣಿಕೆ.

ಆದರೆ ಬೆಳೆಯುವುದಕ್ಕೆ ಕಾಯಿದೆಯೊಂದೇ ಸಾಲದು, ಬಿಸಿಲೂ ಬೇಕು. 1961ರಿಂದ 1990ರವರೆಗಿನ ಲೆಕ್ಕದಲ್ಲಿ ಜರ್ಮನಿಗೆ ವರ್ಷಕ್ಕೆ ದೊರೆಯುತ್ತಿದ್ದ ಸರಾಸರಿ ಬಿಸಿಲು ಸುಮಾರು 1544 ಗಂಟೆ, ಅಂದರೆ ದಿನಕ್ಕೆ ನಾಲ್ಕು ಗಂಟೆಗಿಂತ ತುಸು ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಇದು ಏರಿದೆಯಾದರೂ ನಮ್ಮ ಬಯಲುಸೀಮೆಯ ಬಿಸಿಲಿನೆದುರು ಏನೂ ಅಲ್ಲ.

ಬಿಸಿಲಿನ ಕೊರತೆಗಿಂತಲೂ ದೊಡ್ಡ ತೊಡಕು ಹಗಲಿನ ಉದ್ದದ್ದು. ಇದನ್ನು ಅರಿಯಲು ನಮಗೆ ಪಠ್ಯಪುಸ್ತಕ ಬೇಕಿಲ್ಲ, ಅವರೆಕಾಯಿ ಸಾಕು. ಹಳೆಯ ನಾಟಿ ಅವರೆಯನ್ನು ಮುಂಗಾರಿನಲ್ಲಿ ಬಿತ್ತಿದರೂ ಅದು ಹೂ ಬಿಡುವುದು ಹಗಲು ಕುಗ್ಗತೊಡಗಿದ ಮೇಲೆಯೇ. ಆದ್ದರಿಂದಲೇ ಸೊಗಡಿನ ಕಾಯಿ ನಮ್ಮ ಅಡುಗೆಮನೆಗೆ ಬರುವುದು ಧನುರ್ಮಾಸದ ಆಸುಪಾಸಿನಲ್ಲಿ. ಗಾಂಜಾ ಗಿಡದ ಸ್ವಭಾವವೂ ಅಂತಹುದೇ. ರಾತ್ರಿ ದೀರ್ಘವಾಗುವವರೆಗೂ ಅದು ಎಲೆ ಬೆಳೆಸುತ್ತಿರುತ್ತದೆಯೇ ಹೊರತು ಹೂವಿಗೆ ಮನಸ್ಸು ಮಾಡುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಹದಿಮೂರು ಗಂಟೆಯನ್ನು ಮುಟ್ಟುವುದಿಲ್ಲ. ಐವತ್ತಮೂರೂವರೆ ಡಿಗ್ರಿ ಅಕ್ಷಾಂಶದ ಹ್ಯಾಂಬರ್ಗಿನಲ್ಲಿ ಜೂನ್ ತಿಂಗಳ ಹಗಲು ಸುಮಾರು ಹದಿನೇಳು ಗಂಟೆಗಳದ್ದು. ಅಲ್ಲಿ ಗಿಡ ಹೂವಿಗೆ ತೊಡಗುವ ಹೊತ್ತಿಗೆ ಬೇಸಿಗೆ ಇಳಿಮುಖವಾಗಿರುತ್ತದೆ. ಅನೇಕ ತಳಿಗಳು ಮಾಗುವಾಗ ಅಕ್ಟೋಬರ್ ಬಂದಿರುತ್ತದೆ. ಉಷ್ಣವಲಯದ ಮೂಲದ ತಳಿಗಳಾದರೆ ಅದಕ್ಕಿಂತಲೂ ತಡ. ಆಗ ಜಿಟಿಜಿಟಿ ಮಳೆ, ಇಬ್ಬನಿ, ಚಳಿ. ಒತ್ತಾದ ಹೂಗೊಂಚಲೊಳಗೆ ತೇವ ನಿಂತು ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ. ದ್ರಾಕ್ಷಿಯನ್ನು ಕಾಡುವುದೂ ಇದೇ ಶಿಲೀಂಧ್ರ. ದ್ರಾಕ್ಷಿಯಲ್ಲಾದರೂ ಕೆಲವೊಮ್ಮೆ ಅದರಿಂದ ಸಿಹಿಯಾದ, ದುಬಾರಿ ಮದ್ಯವಾಗುತ್ತದೆ. ಇಲ್ಲಿ ಕಸದ ಬುಟ್ಟಿಯೇ ಗತಿ. ಬೂಷ್ಟು ಹಿಡಿದುದನ್ನು ಸೇದಿದರೆ ಶ್ವಾಸಕೋಶಕ್ಕೆ ಅಪಾಯ.

ಇದಕ್ಕೆ ಕಂಡುಕೊಂಡ ಉಪಾಯವೂ ಅವರೆಯ ಕಥೆಯನ್ನೇ ಹೋಲುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿ, ವರ್ಷವಿಡೀ ಕಾಯಿ ದೊರೆಯುವಂತೆ ಮಾಡಿತು. ಗಾಂಜಾದಲ್ಲಿ ಈ ಗುಣ ಬಂದಿರುವುದು ರಷ್ಯದ ಸಸ್ಯವಿಜ್ಞಾನಿ ಯಾನಿಶೆವ್‌ಸ್ಕಿ 1924ರಲ್ಲಿ ರುಡೆರಾಲಿಸ್ ಎಂದು ಹೆಸರಿಸಿದ, ಶೀತಪ್ರದೇಶದ ಕುಳ್ಳು ಸಸ್ಯದಿಂದ. ಅದರೊಡನೆ ಬೆರೆಸಿದ ತಳಿಗಳು ಹಗಲಿಗೆ ಕಾಯದೆ ವಯಸ್ಸಿಗೆ ತಕ್ಕಂತೆ ಹೂ ಬಿಟ್ಟು, ಬೇಸಿಗೆ ಮುಗಿಯುವುದರೊಳಗೆ ಮಾಗುತ್ತವೆ. ಗಿಡ ಸಣ್ಣದು, ಫಸಲೂ ಕಡಿಮೆ.

ನಾರಿಗಾಗಿ ಬೆಳೆಯುವ ಹೆಂಪ್ ಬೆಳೆಗೆ ಈ ಸಂಕಟವಿಲ್ಲ. ಕಾಂಡ ಸಾಕಾದ್ದರಿಂದ ಹೂವು ಮಾಗುವವರೆಗೆ ಕಾಯಬೇಕಿಲ್ಲ. ಉತ್ತರ ಯುರೋಪು ಶತಮಾನಗಳ ಕಾಲ ಮೋಡದಡಿಯಲ್ಲೇ ಹಗ್ಗಕ್ಕೂ ಹಾಯಿಬಟ್ಟೆಗೂ ಅದನ್ನು ಬೆಳೆದಿದೆ. ಇಂದಿಗೂ ಯುರೋಪಿನಲ್ಲಿ ಫ್ರಾನ್ಸ್ ಅದರ ಅತಿದೊಡ್ಡ ಬೆಳೆಗಾರ.

ಅಪಾರ್ಟ್‌ಮೆಂಟಿನ ಒಂದು ಕೋಣೆಯಲ್ಲಿರುವವರಿಗೆ ತೋಟವೆಲ್ಲಿಯದು? ಗಿಡ ಮಕ್ಕಳ ಹಾಗೂ ಪರರ ಕೈಗೆ ಎಟುಕದಂತಿರಬೇಕೆಂಬ ನಿಬಂಧನೆ ಬೇರೆ. ಹೀಗಾಗಿ ಗಿಡ ಮನೆಯೊಳಗೆ ಹೋಗುತ್ತದೆ, ಸೂರ್ಯನ ಸ್ಥಾನಕ್ಕೆ ವಿದ್ಯುದ್ದೀಪ ಬರುತ್ತದೆ. ಇದರ ಬೆಲೆ ಏನೆಂಬುದನ್ನು ಅಮೆರಿಕದ ಅನುಭವ ತಿಳಿಸುತ್ತದೆ. ಒಳಾಂಗಣ ಗಾಂಜಾ ಕೃಷಿಯು ಅಮೆರಿಕದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 1ರಷ್ಟನ್ನು ನುಂಗುತ್ತದೆಂದು 2012ರ ಅಧ್ಯಯನವೊಂದು ಅಂದಾಜಿಸಿತ್ತು. ಒಂದು ಕಿಲೋ ಒಣ ಹೂವಿಗೆ 2283ರಿಂದ 5184 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಎಂದು ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಲೆಕ್ಕ ಹಾಕಿದರು. ಹಸಿರು ನೀತಿಯ ಬಗ್ಗೆ ಜಗತ್ತಿಗೆ ಉಪದೇಶಿಸುವ ದೇಶವೊಂದು ಮನೆಮನೆಯಲ್ಲೂ ಕೃತಕ ಸೂರ್ಯನನ್ನು ಹೊತ್ತಿಸಲು ಎಡೆಮಾಡಿಕೊಟ್ಟಿತು ಎಂದರೆ ಕಟುವಾಯಿತೇನೋ, ಸುಳ್ಳಂತೂ ಅಲ್ಲ. ಇತ್ತ ಔಷಧದ ಹೆಸರಿನ ಗಾಂಜಾ ಆಮದು 2023ರ ಸುಮಾರು 32 ಟನ್‌ಗಳಿಂದ 2024ರಲ್ಲಿ 70 ಟನ್ ಮೀರಿತು; ಬಹುಪಾಲು ಬಂದದ್ದು ಕೆನಡ ಮತ್ತು ಪೋರ್ಚುಗಲ್‌ಗಳಿಂದ. ಅಂಚೆಯ ಮೂಲಕ ಅದರ ಸರಬರಾಜನ್ನು ನಿಷೇಧಿಸುವ ಕರಡಿಗೆ ಜರ್ಮನಿಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಸ್ವಂತ ಗಿಡದಿಂದಲೇ ಬೇಡಿಕೆ ತೀರುತ್ತದೆಂಬ ಎಣಿಕೆ ಅಲ್ಲಿಗೆ ತಲೆಕೆಳಗಾಯಿತೆಂದೇ ನಾವು ಭಾವಿಸುತ್ತೇವೆ.

ಬಿಸಿಲು ಧಾರಾಳವಾಗಿರುವ ನಮ್ಮ ದೇಶದಲ್ಲಿ ಕೊರತೆ ಕಾಯಿದೆಯ ಅನುಮತಿಯದು. ಹಿಮಾಲಯದ ಇಳಿಜಾರುಗಳಲ್ಲಿ ಈ ಗಿಡ ತಾನಾಗಿ ಬೆಳೆಯುತ್ತದೆ. ಉತ್ತರಾಖಂಡ 2018ರಲ್ಲಿ ಹೆಂಪ್ ಕೃಷಿಗೆ ಪರವಾನಗಿ ನೀಡಿದ ಮೊದಲ ರಾಜ್ಯವಾಯಿತು. ಅಮಲಿನ ಅಂಶ ಶೇಕಡಾ 0.3ನ್ನು ಮೀರಕೂಡದು. ಸ್ಥಳೀಯ ಬೆಟ್ಟದ ತಳಿಗಳು ಈ ಮಿತಿಯೊಳಗೆ ನಿಲ್ಲುವುದು ಕಷ್ಟ. ಹಿಮಾಚಲ ಪ್ರದೇಶ 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಸಮ್ಮತಿಸಿತು.

ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ಪಾಲಕರು ಮುಖ್ಯವಾಗಿ ಗಮನಿಸಬೇಕಾದುದು ಬೇರೆ. ನಮ್ಮ 1985ರ ಮಾದಕ ದ್ರವ್ಯ ಕಾಯಿದೆಯ ಮೊದಲನೆಯ ಕಲಮಿನಲ್ಲೇ, ಇದು ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎಂಬ ಮಾತಿದೆ. ಗಿಡ ಬೆಳೆಸುವುದಕ್ಕೆ ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ವಿದೇಶದಲ್ಲಿ ನಡೆದ ಕೃತ್ಯಕ್ಕೆ ಇಲ್ಲಿ ವಿಚಾರಣೆ ನಡೆಸಲು ಕೇಂದ್ರ ಸರಕಾರದ ಪೂರ್ವಾನುಮತಿ ಬೇಕು ಎಂಬುದು ನಿಜ; ಬರ್ಲಿನ್ನಿನ ಬಾಲ್ಕನಿಯ ಕುಂಡವೊಂದಕ್ಕಾಗಿ ಅಂತಹ ಮೊಕದ್ದಮೆ ಹೂಡುವ ಸಂಭವ ಅತ್ಯಲ್ಪವೆಂಬುದೂ ನಮ್ಮ ಅನಿಸಿಕೆ. ಅಪಾಯ ಹೆಚ್ಚಿರುವುದು ವಿಮಾನ ನಿಲ್ದಾಣದಲ್ಲಿ. ಅಲ್ಲಿ ಕಾನೂನುಬದ್ಧವಾಗಿ ಜೇಬಿನಲ್ಲಿದ್ದ ಕೆಲವು ಗ್ರಾಂ, ಮುಂಬಯಿಯಲ್ಲಿ ಇಳಿದೊಡನೆ ಮಾದಕ ವಸ್ತುವಿನ ಆಮದು ಎನಿಸುತ್ತದೆ. ಅಲ್ಪಪ್ರಮಾಣಕ್ಕೂ ಒಂದು ವರ್ಷದವರೆಗೆ ಸಜೆಯುಂಟು. ಜರ್ಮನಿಯಲ್ಲಿಯೂ ಗಡಿಯಾಚೆ ಅದನ್ನು ಒಯ್ಯುವುದು ಅಪರಾಧ. ವಾಹನ ಚಲಾಯಿಸುವ ಇಪ್ಪತ್ತೊಂದರೊಳಗಿನವರಿಗೆ ಹಾಗೂ ಹೊಸದಾಗಿ ಪರವಾನಗಿ ಪಡೆದವರಿಗೆ 2024ರ ಆಗಸ್ಟ್‌ನಿಂದ ಗಾಂಜಾ ಸಂಪೂರ್ಣ ನಿಷಿದ್ಧ. ವಿದ್ಯಾರ್ಥಿನಿಲಯದ ಕೋಣೆಯನ್ನು ಮೂವರು ಹಂಚಿಕೊಂಡಿದ್ದು ಗಿಡ ಒಬ್ಬರದಾಗಿದ್ದರೂ ಉಳಿದಿಬ್ಬರು ಈ ವಿವರಗಳನ್ನು ತಿಳಿದಿರಬೇಕು.