ಎಂಬತ್ತು ಸೆಕೆಂಡುಗಳ ನ್ಯಾಯ

1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ಆರಿಸುವಾಗ ಪರೀಕ್ಷೆಯ ಅಂಕಗಳ ಜೊತೆಗೆ ಸಂದರ್ಶನದ ಅಂಕಗಳನ್ನೂ ಸೇರಿಸಲಾಗುತ್ತಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಆಯ್ಕೆ ಸಮಿತಿಯು ಅಭ್ಯರ್ಥಿಯ ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಕ್ರೀಡೆ, ಚರ್ಚಾಸ್ಪರ್ಧೆ, ನಾಟಕ ಮುಂತಾದವುಗಳನ್ನು ನೋಡಿ ಕೊಡಬಹುದಿತ್ತು. ಹೆಚ್ಚು ಅಂಕ ಪಡೆದಿದ್ದರೂ ಸಂದರ್ಶನದಲ್ಲಿ ಹಿಂದೆ ಬಿದ್ದು ಸೀಟು ಕಳೆದುಕೊಂಡವರ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತಾದರೂ, 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಪೀಠವು ಬಹುಮತದಿಂದ ಆ ಪದ್ಧತಿಯನ್ನೇ ಎತ್ತಿಹಿಡಿಯಿತು. ಕೆಲವೇ ನಿಮಿಷಗಳ ಮಾತುಕತೆಯಲ್ಲಿ ಯಾರ ವ್ಯಕ್ತಿತ್ವ ಹೊಳೆಯುತ್ತದೆ, ಯಾರದು ಸಂಕೋಚದಲ್ಲಿ ಮುದುಡುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಬರುತ್ತಿದ್ದವರಿಗೂ ಊರಿನಲ್ಲಿ ಮೊದಲ ಬಾರಿಗೆ ಪಿಯುಸಿ ಮುಟ್ಟಿದವರಿಗೂ ಆ ಕೋಣೆ ಒಂದೇ ಆಗಿರಲಿಲ್ಲ.

ಸಂದರ್ಶನದ ನಂತರ ಎದುರಾದ ಸಮಸ್ಯೆ ಇನ್ನೂ ಒರಟಾಗಿತ್ತು. ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಶನ್, ಅಂದರೆ ನಿಗದಿತ ಶುಲ್ಕದ ಹೊರಗೆ ಸೀಟಿನ ಬೆಲೆಯಾಗಿ ಪಡೆಯುವ ಹಣ, ಪ್ರವೇಶದ ಮುಖ್ಯ ಬಾಗಿಲಾಯಿತು. ಇದನ್ನು ತಡೆಯಲು ಕರ್ನಾಟಕ 1984ರಲ್ಲಿ ಕಾನೂನು ಮಾಡಿದರೂ, 1989ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ರಾಜ್ಯದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತ್ತು. ಈ ಅಂತರವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದ 1992ರ ತೀರ್ಪು ಶಿಕ್ಷಣವನ್ನು ಬದುಕುವ ಹಕ್ಕಿನ ಭಾಗವೆಂದು ಸಾರಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳನ್ನು ಅರ್ಧ ಉಚಿತ, ಅರ್ಧ ಶುಲ್ಕಸಹಿತ ಎಂದು ವಿಭಾಗಿಸಿ, ಎರಡನ್ನೂ ಅರ್ಹತೆಯ ಕ್ರಮದಲ್ಲಿಯೇ ತುಂಬಬೇಕೆಂದಿತು. 1994ರಲ್ಲಿ ಸರ್ಕಾರ ಸಿಇಟಿ ಕೋಶವನ್ನು ಸ್ಥಾಪಿಸಿದ್ದು ಈ ಹಿನ್ನೆಲೆಯಲ್ಲಿ. ಅದೇ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು.

ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ, ಆ ಕಾಲಕ್ಕೆ ಮಾಡಿದ ಉಪಕಾರವನ್ನು ಇಂದಿನ ಟೀಕಾಕಾರರು ಮರೆಯಬಾರದು. ಹೆಸರು, ಜಾತಿ, ಊರು, ಶಿಫಾರಸು ಯಾವುದನ್ನೂ ಕಾಣದ ಯಂತ್ರವೊಂದು ಓಎಂಆರ್ ಹಾಳೆಯನ್ನು, ಅಂದರೆ ಪೆನ್ನಿನಿಂದ ಕಪ್ಪಾಗಿಸಿದ ವೃತ್ತಗಳನ್ನು, ಓದಿ ರ‍್ಯಾಂಕ್ ಕೊಡತೊಡಗಿತು. ಆ ರ‍್ಯಾಂಕ್ ಹಿಡಿದು ಬೀದರಿನಿಂದಲೋ ಚಾಮರಾಜನಗರದಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ಕೌನ್ಸೆಲಿಂಗಿಗೆ ಕೂತ ತಂದೆ-ಮಕ್ಕಳಿಗೆ ಯಾವ ಆಡಳಿತ ಮಂಡಳಿಯ ಮುಂದೆಯೂ ಕೈಕಟ್ಟಿ ನಿಲ್ಲಬೇಕಾದ ಅಗತ್ಯ ಬರಲಿಲ್ಲ. ಒಂದು ತಲೆಮಾರಿನ ವೈದ್ಯರೂ ಎಂಜಿನಿಯರುಗಳೂ ಹೀಗೆ ತಯಾರಾದರು.

ಆದರೆ ಪ್ರವೇಶದ ಬಾಗಿಲಲ್ಲಿ ತಡೆದ ಹಣ ಎರಡು ವರ್ಷ ಹಿಂದಕ್ಕೆ ಸರಿದು ತಯಾರಿಯ ಅಂಗಳಕ್ಕೆ ಬಂದು ನಿಂತಿತು. ಪಿಯು ಪಾಠ ಮತ್ತು ಪ್ರವೇಶ ಪರೀಕ್ಷೆಯ ತರಬೇತಿಯನ್ನು ಒಂದೇ ಸೂರಿನಡಿ ಕೊಡುವ ‘ಇಂಟಿಗ್ರೇಟೆಡ್’ ವಸತಿ ಕಾಲೇಜುಗಳು, ಒಮ್ಮೆ ಪರೀಕ್ಷೆ ಬರೆದವರನ್ನು ಮತ್ತೊಂದು ವರ್ಷ ಪೂರ್ತಿ ಅದಕ್ಕಾಗಿಯೇ ಹುರಿಗೊಳಿಸುವ ‘ಲಾಂಗ್ ಟರ್ಮ್’ ತರಗತಿಗಳು ಈಗ ಮಧ್ಯಮ ವರ್ಗದ ಮನೆಯ ಖರ್ಚಿನ ಪಟ್ಟಿಯಲ್ಲಿ ಖಾಯಂ ಆಗಿವೆ.

ಈ ತಯಾರಿ ಏನನ್ನು ಕೊಡುತ್ತದೆ ಎಂಬುದನ್ನು ಪರೀಕ್ಷೆಯ ಒಳಗಿನಿಂದ ನೋಡಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೂ 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿನಿಗೆ ವೇಗೋತ್ಕರ್ಷ, ಸಂವೇಗ, ದ್ಯುತಿಸಂಶ್ಲೇಷಣೆ ಎಂಬ ಪದಗಳ ಅರ್ಥ ಚೆನ್ನಾಗಿ ಗೊತ್ತು. ಪಿಯುಸಿಗೆ ಕಾಲಿಟ್ಟ ದಿನ ಅವೆಲ್ಲ ಆಕ್ಸಿಲರೇಶನ್, ಮೊಮೆಂಟಮ್, ಫೋಟೋಸಿಂಥೆಸಿಸ್ ಆಗಿ ಬದಲಾಗುತ್ತವೆ. ಇಂಗ್ಲಿಷ್ ವಾಕ್ಯವನ್ನು ಓದಿ, ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು, ಲೆಕ್ಕ ಮಾಡಿ, ಉತ್ತರದೊಂದಿಗೆ ಮತ್ತೆ ಇಂಗ್ಲಿಷಿಗೆ ಮರಳುವಷ್ಟರಲ್ಲಿ ಅವಳ 80 ಸೆಕೆಂಡುಗಳಲ್ಲಿ ಒಂದು ಭಾಗ ಭೌತವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಹೋಗಿರುತ್ತದೆ. ಪಕ್ಕದ ಡೆಸ್ಕಿನ ಹುಡುಗ ಅದೇ ಬಗೆಯ ಪ್ರಶ್ನೆಯನ್ನು ವಾರದ ಟೆಸ್ಟುಗಳಲ್ಲಿ ಹತ್ತಾರು ಬಾರಿ ಬಿಡಿಸಿರುತ್ತಾನೆ. ಇಬ್ಬರಿಗೂ ಪ್ರಶ್ನೆಪತ್ರಿಕೆ ಒಂದೇ, ಗಡಿಯಾರ ಒಂದೇ ಎಂಬುದನ್ನೇ ನ್ಯಾಯ ಎಂದು ಕರೆಯುವುದಾದರೆ ಆ ಪದದ ಅರ್ಥ ತೀರಾ ಕಿರಿದಾಗುತ್ತದೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕಗಳ ಅರ್ಧದೊಂದಿಗೆ ಪಿಯು ಅಂಕಗಳ ಅರ್ಧವನ್ನೂ ಸೇರಿಸುವ ಕರ್ನಾಟಕದ ಪದ್ಧತಿ ಈ ಕಾರಣಕ್ಕೇ ಬೆಲೆಯುಳ್ಳದ್ದು. ವರ್ಷಪೂರ್ತಿ ತರಗತಿಯಲ್ಲಿ ಕೂತು ಕಲಿತದ್ದಕ್ಕೆ, ವಿವರವಾಗಿ ಬರೆದ ಉತ್ತರಕ್ಕೆ, ಪ್ರಯೋಗಾಲಯದ ಕೆಲಸಕ್ಕೆ ಅದು ಲೆಕ್ಕದಲ್ಲಿ ಜಾಗ ಕೊಡುತ್ತದೆ. ಈ ಸಮತೋಲ ಎಷ್ಟು ಸೂಕ್ಷ್ಮವಾದದ್ದು ಎಂಬುದು 2022ರಲ್ಲಿ ಎದ್ದು ಕಂಡಿತು. ಕೋವಿಡ್ ಕಾರಣಕ್ಕೆ 2021ರ ದ್ವಿತೀಯ ಪಿಯು ಪರೀಕ್ಷೆ ನಡೆಯದೆ ಎಲ್ಲರೂ ಹಿಂದಿನ ಅಂಕಗಳ ಆಧಾರದಲ್ಲಿ ತೇರ್ಗಡೆಯಾಗಿದ್ದರಿಂದ, ಮರುವರ್ಷ ಮತ್ತೆ ಸಿಇಟಿ ಬರೆದ ಆ ತಂಡದವರ ಪಿಯು ಅಂಕಗಳನ್ನು ಪ್ರಾಧಿಕಾರ ಕೈಬಿಟ್ಟಿತು; ಸುಮಾರು 24,000 ಮಂದಿಯ ರ‍್ಯಾಂಕ್ ಕುಸಿಯಿತು; ಹೈಕೋರ್ಟ್ ಆ ನಿರ್ಧಾರವನ್ನು ರದ್ದುಗೊಳಿಸಿತು; ಕೊನೆಗೆ ಹೊಂದಾಣಿಕೆಯ ಸೂತ್ರವೊಂದನ್ನು ಕಂಡುಕೊಳ್ಳಬೇಕಾಯಿತು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರೂ, ಅವುಗಳ ಮುಂದೆ ತಡವರಿಸಿ ಕಳೆದುಹೋದ ನಿಮಿಷಗಳನ್ನು ಯಾರಿಂದಲೂ ಮರಳಿಸಲಾಗಲಿಲ್ಲ.

ವೈದ್ಯಕೀಯ ಪ್ರವೇಶದ ಮಟ್ಟಿಗೆ ಈ ಚರ್ಚೆ ಬಹುತೇಕ ರಾಜ್ಯದ ಕೈಮೀರಿದೆ. 2013ರಲ್ಲಿ ಮೊದಲು ನಡೆದು, ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿ, 2016ರಲ್ಲಿ ಮರಳಿ ಬಂದ ನೀಟ್, ಅಂದರೆ ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಆಗಿರುವ ಅರ್ಹತಾ ಪರೀಕ್ಷೆ, ಪಿಯು ಅಂಕಗಳನ್ನು ರ‍್ಯಾಂಕಿಗೆ ಪರಿಗಣಿಸುವುದೇ ಇಲ್ಲ. 2017ರಿಂದ ಅದು ಕನ್ನಡದಲ್ಲಿಯೂ ಲಭ್ಯವಿದ್ದರೂ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ 720 ಅಂಕಗಳ ಈ ಒಂದೇ ಪರೀಕ್ಷೆ ಬರೆದರು. ಸರಾಸರಿ ಲೆಕ್ಕದಲ್ಲಿ ಒಂದೊಂದು ಅಂಕದ ಮೆಟ್ಟಿಲ ಮೇಲೆ ಮೂರು ಸಾವಿರದಷ್ಟು ಜನ ನಿಂತಂತಾಯಿತು. ಆ ವರ್ಷ ಮೊದಲು 67 ಮಂದಿಗೆ ಪೂರ್ಣ ಅಂಕ ಬಂದು, 1,563 ಮಂದಿಗೆ ಕೊಟ್ಟ ಕೃಪಾಂಕ ಹಿಂದೆಗೆದುಕೊಂಡು, ಭೌತವಿಜ್ಞಾನದ ಒಂದು ಪ್ರಶ್ನೆಯ ಉತ್ತರ ಬದಲಾದ ಮೇಲೆ ಪೂರ್ಣ ಅಂಕದವರ ಸಂಖ್ಯೆ 17ಕ್ಕೆ ಇಳಿಯಿತು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದನ್ನು ಒಪ್ಪಿಕೊಂಡೂ ಸುಪ್ರೀಂ ಕೋರ್ಟ್ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಒಂದು ಪ್ರಶ್ನೆಯ ಉತ್ತರ ಬದಲಾದರೆ ಸಾವಿರಾರು ಮಕ್ಕಳ ಭವಿಷ್ಯ ಅಲುಗಾಡುವಂಥ ಅಳತೆಗೋಲಿನ ಮೇಲೆ ಇಷ್ಟೊಂದು ಭಾರ ಹೇರುವುದು ಸರಿಯಲ್ಲ.

ಇಂಥ ಅಳತೆಯ ಏರುಪೇರನ್ನು ಸ್ವಲ್ಪವಾದರೂ ಸರಿದೂಗಿಸುವ ಸಾಧನಗಳು ಕರ್ನಾಟಕದ ಕೈಯಲ್ಲಿವೆ: ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಪ್ರಾದೇಶಿಕ ಮೀಸಲಾತಿ. ಇವನ್ನು ಅರ್ಹತೆಗೆ ಮಾಡಿದ ವಿನಾಯಿತಿ ಎಂದು ನೋಡುವುದು ತಪ್ಪು. ಪರೀಕ್ಷೆ ಅಳೆಯದೆ ಬಿಟ್ಟದ್ದನ್ನು ಅವು ಲೆಕ್ಕಕ್ಕೆ ತರುತ್ತವೆ. ತಮಿಳುನಾಡು 2020ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೀಟ್ ಪಾಸಾದ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು. ಗ್ರಾಮ, ಭಾಷೆ, ಪ್ರದೇಶ ಮೂರನ್ನೂ ಗುರುತಿಸಿರುವ ಕರ್ನಾಟಕ, ಬಡತನದ ಅತ್ಯಂತ ನಂಬಲರ್ಹ ಗುರುತಾದ ಸರ್ಕಾರಿ ಶಾಲೆಯನ್ನು ಇದೇ ರೀತಿ ಗುರುತಿಸುವುದರ ಜೊತೆಗೆ, ತಾನೇ ನಡೆಸುವ ಸಿಇಟಿಯಲ್ಲಿ ಪಿಯು ಅಂಕಗಳ ಅರ್ಧಪಾಲನ್ನು ಯಾವ ರಾಷ್ಟ್ರೀಯ ಏಕರೂಪತೆಯ ಒತ್ತಡಕ್ಕೂ ಬಿಟ್ಟುಕೊಡದೆ, ಕನ್ನಡದ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೇ ವಿಜ್ಞಾನ ಕಲಿಸಿದ ಪ್ರೌಢಶಾಲಾ ಶಿಕ್ಷಕರ ಕಣ್ಣಿಗೆ ಒಮ್ಮೆ ತೋರಿಸಿಯೇ ಮುದ್ರಣಕ್ಕೆ ಕಳುಹಿಸುವ ವ್ಯವಸ್ಥೆಯನ್ನು ಮುಂದಿನ ವರ್ಷದಿಂದಲೇ ತರಬೇಕು.